ದೀಪ ಇಡದ ಸಪೋರ್ಟ್

ಹಿಂಬದಿಯ ಮೆಟ್ಟಿಲ ಬುಡದಲ್ಲಿ ಅವನು ಬಿದ್ದಿದ್ದನ್ನು ಮೊದಲು ಕಂಡವಳು ಅಡುಗೆಯವಳು. ಒಣಗಿದ ಬಟ್ಟೆ ತೆಗೆಯಲು ಬಂದಿದ್ದಳು. ಸಂಜೆಯ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಕೂಗಿದಳು. ಅಲುಗಾಡಿಸಿದಳು. ಮೈ ತಣ್ಣಗಿತ್ತು.

ಸತ್ತವನು ಆನ್‌ಲೈನ್ ಯುದ್ಧದಾಟ ಆಡುವ ಐವರ ತಂಡದ ಸಪೋರ್ಟ್ ಆಟಗಾರ. ಐವರೂ, ಅವರ ಕೋಚ್ ಕೂಡ, ಇದೇ ಮನೆಯಲ್ಲಿ ವಾಸ. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಆಡುವುದೂ ಅಲ್ಲಿಂದಲೇ. ತಂಡದ ತಾರೆ ಸತ್ತವನ ಸ್ವಂತ ತಮ್ಮ.

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದಳು. ಅಂಗಿಯ ತೋಳು ಭುಜದ ಹತ್ತಿರ ಹರಿದಿತ್ತು. ಯಾರೋ ಹಿಡಿದೆಳೆದಿದ್ದರು.

"ಕೊನೇ ಸಲ ಯಾವಾಗ ನೋಡಿದ್ರಿ?"

"ಮಧ್ಯಾಹ್ನದ ಪ್ರಾಕ್ಟೀಸ್ ಮ್ಯಾಚ್ ಮುಗಿಯೋವರೆಗೂ ಆಡ್ತಾನೇ ಇದ್ದ ಮೇಡಂ," ಅಂದ ಕೋಚ್. "ರೆಕಾರ್ಡ್ ಇದೆ. ಮುಗಿದ ಕೂಡಲೇ ನಾನು ಟೂರ್ನಮೆಂಟ್ ಆಫೀಸಿಗೆ ಹೋದೆ. ಅಲ್ಲಿ ಎಲ್ಲರೂ ನನ್ನ ನೋಡಿದ್ದಾರೆ." ದನಿ ತಗ್ಗಿಸಿದ. "ಹೇಳಬಾರದು, ಆದ್ರೂ ಹೇಳ್ತೀನಿ. ಆಟದ ಮಧ್ಯೆ ತಮ್ಮ ಅವನಿಗೆ ಬಾಯಿಗೆ ಬಂದ ಹಾಗೆ ಬೈದ."

ಉಳಿದ ಮೂವರು ಆಟಗಾರರು ತಲೆ ತಗ್ಗಿಸಿದರು. ಹೆಡ್‌ಫೋನಿನಲ್ಲಿ ಎಲ್ಲರೂ ಕೇಳಿಸಿಕೊಂಡಿದ್ದರು. ಪಂದ್ಯದ ನಂತರ ಆ ಮೂವರೂ ಅಡುಗೆಮನೆಯಲ್ಲಿ ಒಟ್ಟಿಗಿದ್ದರು. ತಮ್ಮ ಮಾತ್ರ ಒಂಟಿಯಾಗಿದ್ದ.

*

ಠಾಣೆಯಲ್ಲಿ ತಮ್ಮ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಮಣಿಕಟ್ಟು ಊದಿತ್ತು.

"ಅಣ್ಣನಿಗೆ ಏನಂದೆ?"

"ನೀನು ನಮ್ಮಣ್ಣಾನೇ ಅಲ್ಲ ಅಂದೆ. ನನ್ನ ಬೇಟೆ ಕಿತ್ಕೊಂಡ."

"ನಂಗೆ ಗೇಮು ಗೀಮು ಗೊತ್ತಿಲ್ಲ. ಮಗುಗೆ ಹೇಳೋ ಹಾಗೆ ಹೇಳು."

"ನಾನು ಕ್ಯಾರಿ. ಶತ್ರುನ ಮುಗಿಸೋದು ನನ್ನ ಕೆಲಸ. ಮುಗಿಸಿದಷ್ಟೂ ನನಗೆ ಬಲ ಬರುತ್ತೆ. ಸಪೋರ್ಟ್ ನನ್ನ ಕಾಯೋನು. ಮುಂದೆ ಕತ್ತಲಿದ್ರೆ ದೀಪ ಇಡ್ತಾನೆ. ಏಟು ಬಂದ್ರೆ ಅಡ್ಡ ನಿಲ್ತಾನೆ. ಬೇಟೆ ಮಾತ್ರ ನನಗೇ ಬಿಡ್ತಾನೆ."

ಅವಳು ರೆಕಾರ್ಡ್ ಹಾಕಿಸಿದಳು. "ಎಲ್ಲಿ, ಅವನಿಟ್ಟ ದೀಪ ತೋರಿಸು."

ತಮ್ಮ ಪರದೆಗೆ ಮುಖ ಹತ್ತಿರ ತಂದ. ಹುಡುಕಿದ. ಹಿಂದಕ್ಕೆ ಓಡಿಸಿ ಮತ್ತೆ ಹುಡುಕಿದ.

"ಒಂದೂ ಇಲ್ಲ... ನನ್ನ ಬೆನ್ನ ಹಿಂದೆ ನಿಂತ್ಕೊಂಡು ಹೊಡೀತಿದ್ದಾನೆ." ಅವಳ ಕಡೆ ತಿರುಗಿದ. "ಮೇಡಂ, ಇದು ಅಣ್ಣ ಅಲ್ಲ."

"ಆಟದಲ್ಲಿ ಅವನ ದನಿ ಕೇಳಿಸ್ತಾ?"

"ಇಲ್ಲ. ಮೈಕ್ ಕೆಟ್ಟಿದೆ ಅಂತ ಟೈಪ್ ಮಾಡಿದ್ದ."

ಇನ್ಸ್‌ಪೆಕ್ಟರ್ ಅವನ ಕೈ ನೋಡಿದಳು. "ಇದೇನಾಗಿದೆ?"

"ಬರೀ ಉಳುಕು ಅಂತ ಡಾಕ್ಟರ್ ಹೇಳಿದ್ರಂತೆ. ಕೋಚ್ ಹೇಳಿದ್ರು."

ಆ "ಹೇಳಿದ್ರಂತೆ" ಅವಳ ಕಿವಿಯಲ್ಲೇ ಉಳಿಯಿತು. ಡಾಕ್ಟರನ್ನು ಹುಡುಕಿಕೊಂಡು ಹೊರಟಳು.

*

ಮರುದಿನ ಬೆಳಿಗ್ಗೆ ಮನೆಯ ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿದಳು.

"ಪಂದ್ಯ ಶುರುವಾಗೋ ಮುಂಚೆಯೇ ಅವನು ಮೆಟ್ಟಿಲ ಕೆಳಗೆ ಬಿದ್ದಿದ್ದ. ಕುರ್ಚಿ ಖಾಲಿ ಇದ್ದಿದ್ರೆ ನೀವೆಲ್ಲ ಹುಡುಕ್ತಿದ್ರಿ. ಅದಕ್ಕೇ ಬೇರೊಬ್ಬರು ಬಾಗಿಲು ಹಾಕ್ಕೊಂಡು ಅಲ್ಲಿ ಕೂತ್ರು. ನೀವು ನಾಲ್ವರೂ ನಿಮ್ಮ ನಿಮ್ಮ ಜಾಗದಲ್ಲಿ ಆಡ್ತಾ, ಮಾತಾಡ್ತಾ ಇದ್ರಿ. ಈ ಆಟ ಬಲ್ಲವರಲ್ಲಿ ಉಳಿದೋರು ಒಬ್ಬರೇ. ಒಂದು ಕಾಲಕ್ಕೆ ಅವರೂ ಹೆಸರುವಾಸಿ ಕ್ಯಾರಿ. ದೀಪ ಇಡೋ ಅಭ್ಯಾಸ ಇಲ್ಲ, ಬೇಟೆ ಬಿಡೋ ಅಭ್ಯಾಸವೂ ಇಲ್ಲ."

ಎಲ್ಲರೂ ಕೋಚ್ ಕಡೆ ತಿರುಗಿದರು.

"ಇದು ಬರೀ ಊಹೆ," ಅಂದ ಅವನು.

"ಅವನ ಕೀಬೋರ್ಡ್‌ನಲ್ಲಿ ಅವನ ಬೆರಳಚ್ಚಿನ ಮೇಲೆಲ್ಲ ನಿಮ್ಮದಿದೆ. ಡಾಕ್ಟರ್ ಕೂಡ ಮಾತಾಡಿದ್ರು. ಈ ಹುಡುಗನ ಕೈ ನರ ಹಾಳಾಗ್ತಿದೆ, ಇನ್ನು ಆಡಿಸಬೇಡಿ ಅಂತ ನಿಮಗೆ ಹೇಳಿದ್ರು. ನೀವು ಮುಚ್ಚಿಟ್ರಿ. ನಿನ್ನೆ ಬೆಳಿಗ್ಗೆ ಅವನ ಅಣ್ಣ ಹೋಗಿ ಕೇಳಿ ತಿಳ್ಕೊಂಡ."

ಕೋಚ್ ಬಾಯಿಬಿಟ್ಟ.

"ಫೈನಲ್ ಒಂದೇ ಬಾಕಿ ಇತ್ತು. ತಮ್ಮನನ್ನ ಇವತ್ತೇ ಕರ್ಕೊಂಡು ಹೋಗ್ತೀನಿ ಅಂದ. ತೋಳು ಹಿಡ್ಕೊಂಡೆ. ಕೊಸರಿಕೊಂಡ. ಸಿಟ್ಟಲ್ಲಿ ತಳ್ಳಿಬಿಟ್ಟೆ. ಅಲ್ಲಾಡಲೇ ಇಲ್ಲ. ಸತ್ತೇಹೋದ ಅಂದ್ಕೊಂಡೆ."

"ಉಸಿರಿದೆಯಾ ಅಂತ ನೋಡಿದ್ರಾ?"

ಕೋಚ್ ಮುಖ ತಿರುಗಿಸಿದ. ಪೇದೆ ಅವನನ್ನು ಹೊರಗೆ ಕರೆದೊಯ್ದ.

ತಮ್ಮ ಕೂತಲ್ಲಿಂದ ಏಳಲಿಲ್ಲ. ಅವನಿಗೆ ಎಲ್ಲಾ ಅರ್ಥವಾಗಿತ್ತು.

"ಮ್ಯಾಚ್ ಗೆದ್ದಾಗ ನಾವು ಕಿರುಚಾಡಿದ್ವಿ," ಅಂದ. "ಆಗ... ಅಣ್ಣ ಇನ್ನೂ ಇದ್ನಾ ಮೇಡಂ?"

ತಲೆಯೊಳಗೆ ರಕ್ತ ನಿಧಾನವಾಗಿ ಸೋರಿತ್ತು. ಬೇಗ ಆಸ್ಪತ್ರೆಗೆ ತಂದಿದ್ದರೆ ಉಳಿಯುತ್ತಿದ್ದ ಎಂದು ಶವಪರೀಕ್ಷೆಯ ವೈದ್ಯರು ಅವಳಿಗೆ ಹೇಳಿದ್ದರು. ಇಂಥ ಹೊತ್ತಿನಲ್ಲಿ ಒಂದು ಸಣ್ಣ ಸುಳ್ಳು ಹೇಳುವುದು ಅವಳಿಗೆ ಹೊಸದೇನಲ್ಲ. ಆದರೆ ಈ ಹುಡುಗನಿಗೆ ಒಳ್ಳೆಯದೆಂದು ಹೇಳಿದ ಸುಳ್ಳುಗಳು ಸಾಕಾಗಿದ್ದವು.

ಅವನ ಪಕ್ಕದಲ್ಲಿ ಕೂತು, ಊದಿದ ಕೈಯನ್ನು ಮೆಲ್ಲಗೆ ತನ್ನ ಕೈಯೊಳಗೆ ತೆಗೆದುಕೊಂಡಳು.

"ಇದ್ದ ಕಣಪ್ಪಾ," ಅಂದಳು.