ಆಳದ ಗರಿಗಾಗಿ ಒಂದು ಜಗಳ

"ಆ ಗಾಜಿನ ತಟ್ಟೆ ಮುಟ್ಟಬೇಡಿ!"

ಅವಳ ಕೂಗಿಗೆ ಇಡೀ ಪ್ರಯೋಗಾಲಯ ಬೆಚ್ಚಿತು. ಅವಳದೇ ಕುರ್ಚಿಯಲ್ಲಿ ಕೂತು, ಅವಳದೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದ ಆ ಮನುಷ್ಯ ಮಾತ್ರ ತಲೆ ಎತ್ತಲಿಲ್ಲ.

"ಇದು ಹೊಸ ಪ್ರಭೇದ ಅಲ್ಲ," ಎಂದ.

ಅಷ್ಟೇ. ಪರಿಚಯವಿಲ್ಲ, ನಮಸ್ಕಾರವಿಲ್ಲ!

"ಯಾರ್ರೀ ನೀವು?"

"ನಿಮ್ಮ ನಿರ್ದೇಶಕರು ಪರಿಶೀಲನೆಗೆ ಅಂತ ಕರೆಸಿದಾರೆ."

ಆಗ ಅವನು ತಲೆ ಎತ್ತಿದ. ಅಂದರೆ ಇವನೇ ಕತ್ತರಿ ಸಾಹೇಬ! ಹೊಸ ಜೀವಿ ಕಂಡುಹಿಡಿದೆ ಎಂದು ಯಾರೇ ಬಂದರೂ ತಪ್ಪು ಹುಡುಕಿ ಕತ್ತರಿಸಿ ಹಾಕುವವನೆಂದು ಅವನಿಗೆ ಬಿದ್ದ ಹೆಸರು ಅದು. ಯಾರೋ ಮುದುಕನಿರಬೇಕೆಂದು ಅವಳು ಅಂದುಕೊಂಡಿದ್ದಳು. ಇವನಿಗೋ ಅವಳದೇ ವಯಸ್ಸು... ಕಣ್ಣುಗಳೂ ಚೆನ್ನಾಗಿದ್ದವು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ತಟ್ಟೆಯಲ್ಲಿದ್ದದ್ದು ಹೈಡ್ರಾಯ್ಡ್. ನೋಡಲು ಹಕ್ಕಿಯ ಗರಿ, ನಿಜದಲ್ಲಿ ಪ್ರಾಣಿ. ಒಂದೇ ಕಾಂಡದ ಮೇಲೆ ನೂರಾರು ಪುಟ್ಟ ಬಾಯಿಗಳು, ಒಂದೊಂದಕ್ಕೂ ಒಂದು ಬಟ್ಟಲು. ಒಬ್ಬರು ತಿಂದದ್ದು ಎಲ್ಲರ ಮೈಗೂ ಸೇರುವ ಒಟ್ಟು ಕುಟುಂಬ. ಬೆಳಕೇ ತಲುಪದ ಕಡಲಾಳದಿಂದ ಅದನ್ನು ತಂದವಳು ಅವಳು. ಅದು ಹೊಸದೆಂದು ಸಾಬೀತಾಗದಿದ್ದರೆ ಅವಳ ಯೋಜನೆ ಮುಚ್ಚುತ್ತಿತ್ತು, ಕೆಲಸವೂ ಹೋಗುತ್ತಿತ್ತು.

"ಬಟ್ಟಲಿನ ಅಂಚು ನೋಡಿ. ಬೇರೆ ಯಾವುದಕ್ಕೂ ಹೀಗೆ ಬಾಗಿಲ್ಲ!"

"ತಣ್ಣೀರಲ್ಲಿ ಬೆಳೆದ್ರೆ ಬಾಗಬಹುದು. ಮರಿ ಹುಟ್ಟೋ ಸಂತಾನದ ಚೀಲ ಎಲ್ಲಿ? ಪ್ರಭೇದ ಪಕ್ಕಾ ಆಗೋದು ಅದರ ಆಕಾರದಿಂದ. ಅದನ್ನ ತೋರಿಸಿ, ಆಮೇಲೆ ಮಾತಾಡೋಣ."

ಅವಳ ಮಾದರಿಯಲ್ಲಿ ಆ ಚೀಲ ಒಂದೂ ಇರಲಿಲ್ಲ.

ಮುಂದಿನ ವಾರಗಳೆಲ್ಲ ಯುದ್ಧ. ಅವಳು ಬರೆದ ಸಾಲನ್ನು ಅವನು ಹೊಡೆದುಹಾಕುತ್ತಿದ್ದ. ಅವನು ಹೊಡೆದದ್ದನ್ನು ಅವಳು ದಪ್ಪ ಅಕ್ಷರದಲ್ಲಿ ಮತ್ತೆ ಬರೆಯುತ್ತಿದ್ದಳು.

ಒಮ್ಮೆ ಅವಳು ಬಿಡಿಸಿದ ಚಿತ್ರವನ್ನು ಬಹಳ ಹೊತ್ತು ನೋಡಿದ. "ಗೆರೆ... ತುಂಬ ಚೆನ್ನಾಗಿದೆ."

ಅವಳ ಕಿವಿ ಬಿಸಿಯಾಯಿತು.

"ಪ್ರಾಣಿ ಮಾತ್ರ ಹಳೇದೇ."

ಛೇ! ಒಂದು ಕ್ಷಣ ಖುಷಿಪಟ್ಟೆನಲ್ಲ, ನನಗೆ ಬುದ್ಧಿಯಿಲ್ಲ!

"ಊಟಕ್ಕೆ ಕೂತ್ರೂ ಅವನನ್ನೇ ಬೈತೀಯಲ್ಲೇ," ಎಂದು ನಕ್ಕರು ಚಿಕ್ಕಮ್ಮ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವರು ಅವರೇ. "ಇವತ್ತು ಉಪ್ಪು ಹಾಕೋದೇ ಮರೆತಿದ್ದೆ. ಅದೂ ನಿನಗೆ ಗೊತ್ತಾಗ್ಲಿಲ್ಲ!"

"ಅವನ ಸುದ್ದಿ ಎತ್ತಬೇಡ ಚಿಕ್ಕಮ್ಮ!"

"ಎತ್ತಿದ್ದು ಯಾರೇ?"

ಕೊನೆಗೆ ಅವನ ವರದಿ ನಿರ್ದೇಶಕರ ಕೈ ಸೇರಿತು: ಹೊಸದೆನ್ನಲು ಆಧಾರ ಸಾಲದು. ವರ್ಷದ ಕೊನೆಗೆ ನಡೆಯುವ ಕಡಲಜೀವಿ ವಿಜ್ಞಾನಿಗಳ ಸಮ್ಮೇಳನದ ತನಕ ಕಾಯುತ್ತೇನೆ, ಆಮೇಲೆ ಯೋಜನೆ ಮುಚ್ಚುತ್ತೇನೆ ಎಂದರು ನಿರ್ದೇಶಕರು.

"ನನ್ನ ಅನ್ನ ಕಿತ್ಕೊಂಡು ಸಮಾಧಾನ ಆಯ್ತಾ?" ಅವಳು ಅವನನ್ನು ಮೆಟ್ಟಿಲಲ್ಲೇ ತಡೆದಳು.

"ಗೊತ್ತಿಲ್ಲದ್ದನ್ನ ಗೊತ್ತು ಅಂತ ಬರೆಯೋಕೆ ನನಗೆ ಬರಲ್ಲ. ನಿಮಗೋಸ್ಕರ ಕೂಡ..."

ಆ ಕೊನೆಯ ಮಾತು ಅವಳ ಕಿವಿಗೆ ಬೀಳಲೇ ಇಲ್ಲ.

"ಇನ್ಮೇಲೆ ನನಗೆ ಮುಖ ತೋರಿಸಬೇಡಿ!"

ಅಂದೇ ಅವನ ನಂಬರ್ ಬ್ಲಾಕ್ ಮಾಡಿದಳು. ಆಮೇಲೆ ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿ, ಚಿಕ್ಕಮ್ಮನಿಗೆ ಕೇಳಿಸದ ಹಾಗೆ ಅತ್ತಳು.

ಸಮ್ಮೇಳನ ಹತ್ತಿರ ಬಂದಾಗ ಸುದ್ದಿ ಹಬ್ಬಿತು. ಅದೇ ಹೈಡ್ರಾಯ್ಡ್ ಬಗ್ಗೆ ಕತ್ತರಿ ಸಾಹೇಬ ಮಾತಾಡುತ್ತಾನಂತೆ! ಅವನ ಮಾದರಿಯಲ್ಲಿ ಸಂತಾನದ ಚೀಲವೂ ಇದೆಯಂತೆ!

ಅವಳ ರಕ್ತ ಕುದಿಯಿತು. ನನ್ನದು ಹಳೇದು ಅಂದು, ತಾನು ಹೆಸರು ಮಾಡಿಕೊಳ್ಳೋಕೆ ಹೊರಟನಾ?

ತುಂಬಿದ ಸಭಾಂಗಣ. ಪರದೆಯ ಮೇಲೆ ಅವಳ ಗರಿ, ಕಾಂಡದುದ್ದಕ್ಕೂ ತುಂಬಿಕೊಂಡ ಚೀಲಗಳು.

"ಇದು ಖಂಡಿತ ಹೊಸ ಪ್ರಭೇದ," ಎಂದು ಅವನು ಶುರುಮಾಡಿದ್ದಷ್ಟೇ...

"ಕಳ್ಳ!" ಕೊನೆಯ ಸಾಲಿನಲ್ಲಿ ಅವಳು ಎದ್ದು ನಿಂತಿದ್ದಳು. "ಅದು ನಂದು!"

ಎಲ್ಲ ತಲೆಗಳೂ ತಿರುಗಿದವು. ಅವನು ಮೈಕಿಗೆ ಬಾಗಿದ.

"ಹೌದು. ಅವರದೇ."

ಪರದೆ ಬದಲಾಯಿತು. ಅವಳು ಬಿಡಿಸಿದ ಚಿತ್ರ, ಕೆಳಗೆ ಅವಳ ಹೆಸರು!

"ಇದು ಹೊಸದು ಅಂತ ಮೊದಲು ಗುರುತಿಸಿದವರು ಅವರು. ನಾನು ಹೊಸದಲ್ಲ ಅಂದಿದ್ದೆ, ತಪ್ಪು ನಂದು. ಈ ಮಾದರಿಯನ್ನ ಅವರಿಗೇ ಒಪ್ಪಿಸ್ತಿದ್ದೀನಿ. ವಿವರಿಸೋದು, ಹೆಸರಿಡೋದು, ಎರಡೂ ಅವರ ಹಕ್ಕು."

ಮುಂದಿನ ಸಾಲಿನಿಂದ ನಿರ್ದೇಶಕರೇ ಮೊದಲು ಚಪ್ಪಾಳೆ ತಟ್ಟಿದರು. ಯೋಜನೆ ಉಳಿಯಿತು. ಆದರೆ ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹೊರಗೆ ಓಡಿದಳು.

ಮೊಗಸಾಲೆಯಲ್ಲಿ ಅವನು ಏದುಸಿರು ಬಿಡುತ್ತ ಬಂದು ನಿಂತ.

"ಮೊದ್ಲೇ ಹೇಳಬಾರದಿತ್ತಾ?" ಅವಳು ಸಿಡುಕಿದಳು.

"ಹೇಗೆ ಹೇಳ್ಲಿ? ಫೋನ್ ಮಾಡಿದ್ರೆ ಹೋಗ್ತಿರಲಿಲ್ಲ. ಬಾಗಿಲಿಗೆ ಬಂದ್ರೆ ಒದ್ದು ಓಡಿಸ್ತೀರಿ ಅನ್ನೋ ಭಯ."

"ಆ ಮಾದರಿ ಎಲ್ಲಿ ಸಿಕ್ತು?"

"ನೀವು ತಂದ ಜಾಗದಲ್ಲೇ. ಹಡಗು ಹತ್ತಿದೆ. ಹೋಗೋವಾಗ್ಲೂ ವಾಂತಿ, ಬರೋವಾಗ್ಲೂ ವಾಂತಿ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರು.

"ಯಾಕೆ ಹೋದ್ರಿ?"

"ನೀವು ಹೇಳಿದ್ದೇ ಸರಿಯಾಗ್ಲಿ ಅಂತ ಆಸೆ ಇತ್ತು. ಅದಕ್ಕೆ ಸುಳ್ಳು ಬರೆಯೋಕೆ ಆಗ್ಲಿಲ್ಲ. ಹುಡುಕೋಕಾದ್ರೂ ಆಗುತ್ತಲ್ಲ..."

ಅವಳು ಕಣ್ಣೊರೆಸಿಕೊಂಡಳು.

"ಅಷ್ಟು ಜನರ ಮುಂದೆ ನಿಮ್ಮನ್ನ ಕಳ್ಳ ಅಂದೆ. ಕ್ಷಮಿಸಿ. ಆದ್ರೂ... ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ!"

"ಇಳೀಲೇಬೇಕು ಅಂತಿಲ್ಲ. ನಾನು ನಿಮ್ಮನ್ನ ಪ್ರೀತಿಸ್ತೀನಿ, ಸಿಟ್ಟಿನ ಸಮೇತ."

ಅವಳು ಅವನ ಎದೆಗೆ ಒಂದು ಗುದ್ದು ಕೊಟ್ಟಳು. ಮತ್ತೆ ಅಲ್ಲೇ ಹಣೆಯಿಟ್ಟಳು.

"ದಡ್ಡ ಕಣೋ ನೀನು..."

"ಇನ್ನೊಂದ್ಸಲ ಹೇಳಿ."

"ಏನು, ದಡ್ಡ ಅಂತಾನಾ?"

"ಅಲ್ಲ... ನೀನು ಅಂತ."

"ನೀನು," ಎಂದಳು ಮುಖ ಎತ್ತದೆ. "ಈಗ ನಿನ್ನ ಸರದಿ. ಹೇಳು."