ನಿದ್ದೆ ಹೋದ ಪಟ್ಟಿ

ಎರಡು ಸಾವಿರದ ಅರವತ್ತೆರಡನೆಯ ಇಸವಿ, ಚೈತ್ರದ ಕಡೆಯ ವಾರ, ಬಿಸಿಲು ಇಳಿಯುವ ಹೊತ್ತು. ಬ್ಯಾಡಗಿ ಊರಾಚೆಯ ಮೆಣಸಿನಕಾಯಿ ಶೆಡ್ಡಿನ ಮೇಲೆ ಗಾಳಿ ಎದ್ದಿತು. ಛಾವಣಿಯ ಹಳೆಯ ಸಿಮೆಂಟ್ ಹಲಗೆ ಇಳಿಸಿ, ಆ ಜಾಗಕ್ಕೆ ಹಗುರ ತಗಡು ಕೂರಿಸುತ್ತಿದ್ದರು. ಉಕ್ಕಿನ ತೊಲೆಗಳು ನರಳಿದವು. ಮರುಕ್ಷಣವೇ ತೊಲೆಯಿಂದ ತೊಲೆಗೆ ಕಟ್ಟಿದ್ದ ಕೆಂಪು ಪಟ್ಟಿಗಳು ಟಕ್ ಟಕ್ ಎಂದು ಎಲುಬಿನಂತೆ ಬಿಗಿದು ನಿಂತವು. ಗಾಳಿ ಹೋಯಿತು. ಪಟ್ಟಿಗಳು ಮತ್ತೆ ಬಟ್ಟೆಯಂತೆ ಮೆತ್ತಗಾದವು.

ಕೆಳಗೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ತಲೆಯೆತ್ತಿದರು. ಶೆಡ್ಡಿನ ಒಡೆಯ ಚನ್ನವೀರಪ್ಪ ಸಾವಕಾರ ಬಾಗಿಲ ಹೊರಗೆ ನಿಂತೇ ಚಪ್ಪಾಳೆ ತಟ್ಟಿದ. ಪಟ್ಟಿ ಕಂಡುಹಿಡಿದ ನೀಲಗಂಗಾ ಆಗಷ್ಟೇ ಬಂದವಳು, ಬಾಗಿಲಲ್ಲೇ ನಿಂತುಬಿಟ್ಟಳು.

"ಇವರನ್ನ ಯಾಕ ಒಳಗ ಕೂಡಿಸೀರಿ?"

"ನಿಮ್ಮ ಪಟ್ಟಿ ಐತಲ್ರೀ ಬಾಯಾರ. ಮತ್ಯಾಕ ಶೆಡ್ ಖಾಲಿ ಮಾಡೂದು?"

"ಪಟ್ಟಿ ಮಾಡಿದ್ದು ಮ್ಯಾಲೆ ತಗಡು ಹೊಡಿಯೋರ ಜೀವಕ್ಕ. ಕೆಳಗ ಮಂದಿ ಕೂಡಿಸಾಕಲ್ಲ!" ಆಕೆ ಹೆಂಗಸರತ್ತ ತಿರುಗಿದಳು. "ಮನೀ ತಗಡಿನ ಮ್ಯಾಲೆ ಕಲ್ಲು ಯಾಕ ಹೇರ್ತೀರಿ?"

"ಗಾಳಿಗೆ ಹಾರಬಾರ್ದಂತ," ಎಂದಳು ಫಕೀರವ್ವ, ಘಾಟಿಗೆ ಮೂಗಿಗೆ ಕಟ್ಟಿದ್ದ ಸೆರಗು ಸರಿಸಿ.

"ಇಲ್ಲಿ ಆ ಕಲ್ಲು ತಗದಾರ ನೋಡ, ಯವ್ವಾ."

ಮಾತು ನಿಜ. ಛಾವಣಿಯ ಭಾರಕ್ಕೆ ತೊಲೆಯ ಕೆಳಗಿನ ಸಲಾಕೆ ಆಯುಷ್ಯವಿಡೀ ಜಗ್ಗಿಸಿಕೊಂಡೇ ಇರುತ್ತದೆ. ಭಾರ ತೆಗೆದ ದಿನ ಗಾಳಿ ಛಾವಣಿಯನ್ನು ಮೇಲಕ್ಕೆ ಹೀರುತ್ತದೆ. ಜಗ್ಗಿಸಿಕೊಂಡ ಸಲಾಕೆ ಈಗ ಒತ್ತಿಸಿಕೊಳ್ಳುತ್ತದೆ, ಜೋಳದ ದಂಟಿನಂತೆ ಪಕ್ಕಕ್ಕೆ ಬಾಗುತ್ತದೆ. ಆ ಒತ್ತು ತಿಳಿದ ಕೂಡಲೇ ಪಟ್ಟಿ ಗಟ್ಟಿಯಾಗಿ ಸಲಾಕೆಯನ್ನು ಹಿಡಿಯುತ್ತದೆ. ಹಿಂದೆ ಇದಕ್ಕಾಗಿ ಅಡ್ಡ ಕಬ್ಬಿಣ ಬೆಸೆಯುತ್ತಿದ್ದರು. ಶೆಡ್ಡು ಖಾಲಿ ಮಾಡಲೇಬೇಕಿತ್ತು. ಪಟ್ಟಿ ಬಂದ ಮೇಲೆ ನಾಡಿನ ಯಾವ ಸಾವಕಾರನೂ ಶೆಡ್ಡು ಖಾಲಿ ಮಾಡಲಿಲ್ಲ.

ನೀಲಗಂಗಾಳ ಕಣ್ಣು ನಡುವಿನ ಪಟ್ಟಿಯೊಂದರ ಮೇಲೆ ನಿಂತಿತು. ಆಗಿನ ಗಾಳಿಗೆ ಅದೊಂದೇ ಬಿಗಿದಿರಲಿಲ್ಲ. ಅದಕ್ಕೆ ಸೀರೆಯ ತೊಟ್ಟಿಲು ಜೋತಿತ್ತು. ಒಳಗೆ ಫಕೀರವ್ವನ ಮೊಮ್ಮಗಳು.

"ಇದಕ್ಯಾಕ ಕಟ್ಟಿದಿ?"

"ಎಲ್ಲಾದಕ್ಕಿಂತ ಗಟ್ಟಿ ಇದಾ ಅಂತ ಸಾವಕಾರ್ರು ಹೇಳಿದ್ರು. ಕೂಸಿನ್ನ ಮತ್ತ ಎಲ್ಲಿ ಕಟ್ಟೂಣ್ರಿ?"

ತೊಟ್ಟಿಲು ದಿನವಿಡೀ ಜಗ್ಗಿ ಸಡಿಲಿಸಿ, ಜಗ್ಗಿ ಸಡಿಲಿಸಿ, ಪಟ್ಟಿಗೆ ಒತ್ತು ಯಾವುದು, ತೂಗು ಯಾವುದು ಎಂಬ ಅರಿವೇ ಹೋಗಿತ್ತು. ನೀಲಗಂಗಾ ಅದನ್ನೇ ಹೇಳಿದಳು.

"ಅಯ್ಯ ಶಿವನ! ಕೂಸು ಒಂದಿನಾನೂ ನೆಟ್ಟಗ ಮಲಗಲಿಲ್ಲ, ಪಟ್ಟಿ ಮಲಗೇತಿ!" ಎಂದು ಫಕೀರವ್ವ ಕೂಸನ್ನೆತ್ತಿಕೊಂಡಳು. "ಏಳ್ರೇ ಎಲ್ಲಾರೂ!"

ನೀಲಗಂಗಾ ಮೇಲಿನವರನ್ನು ಕೂಗಿ ಇಳಿಸಿದಳು.

"ಹೋಗೋರು ಹೋಗ್ರಿ," ಎಂದ ಸಾವಕಾರ. "ನಾಳೆ ಬ್ಯಾರೇದವ್ರು ಬರ್ತಾರ."

"ಬರ್ತಾರ್ರೀ," ಎಂದಳು ಫಕೀರವ್ವ. "ಮೊದಲ ನೀವು ಇದರ ಕೆಳಗ ಕುಂತು ಒಂದು ಬುಟ್ಟಿ ಬಿಡಸ್ರಿ. ಆಮ್ಯಾಲೆ ಅವರನ್ನ ಕರೀರಿ."

ಸಾವಕಾರ ಬಾಗಿಲು ದಾಟಿ ಒಳಗೆ ಬರಲಿಲ್ಲ.

ಹೆಂಗಸರು ಬೇವಿನ ಮರ ಮುಟ್ಟುವಷ್ಟರಲ್ಲಿ ಗಾಳಿ ತಿರುಗಿ ಬಂತು. ಟಕ್ ಟಕ್ ಎಂಬ ಸದ್ದು ನಡುವೆ ಒಂದೆಡೆ ತಪ್ಪಿತು. ತೊಟ್ಟಿಲು ಕಟ್ಟಿದ್ದಲ್ಲೇ ಸಲಾಕೆ ಬಾಗಿ, ಅರ್ಧ ಛಾವಣಿ ಕುಸಿಯಿತು. ಕೆಂಪು ಧೂಳೆದ್ದು ಎಲ್ಲರೂ ಕೆಮ್ಮಿದರು. ಕೆಮ್ಮಿನ ನಡುವೆ ಸಾವಕಾರನ ಕೂಗು ಕೇಳಿತು: "ಅಯ್ಯೋ, ನನ್ನ ಕಾಯಿ!"

ಮರುದಿನ ಉಳಿದ ಅರ್ಧದ ಕೆಳಗೆ ಹೊಸ ಹೆಂಗಸರು ಕೂತಿದ್ದರು. ಪಟ್ಟಿ ಬಿಚ್ಚಿದರೆ ಛಾವಣಿ ಅವರ ಮೇಲೇ ಬೀಳುತ್ತದೆ; ಬಿಚ್ಚದಿದ್ದರೆ ಅದನ್ನೇ ನಂಬಿ ಅವರು ಏಳುವುದಿಲ್ಲ. ನೀಲಗಂಗಾ ಕೈಚೆಲ್ಲಿ ನಿಂತಳು.

ಇದನ್ನು ಓದುತ್ತಿರುವ ಇವತ್ತು ಅಂಥ ಪಟ್ಟಿ ಇನ್ನೂ ಬಂದಿಲ್ಲ. ಭಾರ ಇಳಿಸಿದ ಛಾವಣಿಯಿದೆ, ಗಾಳಿಯಿದೆ, ಕೆಳಗೆ ಕೂಡಿಸುವವರಿದ್ದಾರೆ. ಅವರಿಗೊಂದು ನೆಪ ಕಂಡುಹಿಡಿದು ಕೊಡುವುದಷ್ಟೇ ಬಾಕಿ.

ಫಕೀರವ್ವ ಶೆಡ್ಡು ಬಿಟ್ಟದ್ದು ಗುರುವಾರ, ಪೇಟೆಯ ದಿನ. ನೀಲಗಂಗಾ ಪಟ್ಟಿ ನೇಯುವ ಕಾರ್ಖಾನೆ ಬಿಟ್ಟದ್ದು ಶನಿವಾರ. ಸಾವಕಾರ ಎಲ್ಲಿಗೂ ಹೋಗಲಿಲ್ಲ.