ಹನ್ನೊಂದನೆಯ ದಿನ ಹುಟ್ಟಿದ ಮರಿಗಳು

ಸೋಮವಾರ, ಜೂನ್ ಒಂಬತ್ತು, ಬೆಳಿಗ್ಗೆ ಎಂಟು ನಲವತ್ತು. ಸಂಶೋಧನಾಲಯದ ಮುಖ್ಯಸ್ಥೆ ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಟೈಪ್ ಮಾಡಿದ ದೂರು ಅವರ ಕೈಯಲ್ಲೇ ಇತ್ತು. ನಾಲ್ಕನೆಯ ಕೊಠಡಿಯಿಂದ ನಲವತ್ತೊಂದು ಕರಿ ಇಲಿಗಳು ಪಂಜರಗಳ ಸಮೇತ ಕಾಣೆಯಾಗಿವೆ ಎಂಬುದು ಅದರ ಸಾರಾಂಶ.

ಇನ್‌ಸ್ಪೆಕ್ಟರು ದೂರನ್ನು ಎರಡು ಸಲ ಓದಿದರು.

"ಇಷ್ಟು ದಿನ ಬೆಟ್ಟ ಅಗೆದು ಇಲಿ ಹಿಡೀತಿದ್ವಿ ಸರ್," ಎಂದರು ಪಕ್ಕದ ಮೇಜಿನ ಹೆಡ್ ಕಾನ್‌ಸ್ಟೆಬಲ್. ಆಕೆಯನ್ನು ಠಾಣೆಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. "ಇವತ್ತು ಇಲಿಗೋಸ್ಕರಾನೇ ಬೆಟ್ಟ ಅಗೀಬೇಕು."

ಮುಖ್ಯಸ್ಥೆ ನಗಲಿಲ್ಲ. "ಇವು ಅಟ್ಟದ ಇಲಿಗಳಲ್ಲ. ಇಪ್ಪತ್ತು ತಲೆಮಾರಿಗಿಂತ ಹೆಚ್ಚು ಕಾಲ ಅಣ್ಣ ತಂಗಿಯನ್ನೇ ಕೂಡಿಸಿ ಉಳಿಸ್ಕೊಂಡ ತಳಿ. ಒಂದಕ್ಕೊಂದು ಅವಳಿ ಇದ್ದ ಹಾಗೆ. ಬೇರೆ ಇಲಿ ಜೊತೆ ಸೇರಲ್ಲ, ಮೂಲೇಲಿ ಕೂತು ಮೈ ತಿಕ್ಕೊಳ್ತಾನೇ ಇರ್ತವೆ. ಇಲಿ ಇಲಿಯೇ, ಮಗು ಮಗುವೇ. ಆದ್ರೂ ಆಟಿಸಂ ಇರೋ ಮಕ್ಕಳ ಕೆಲವು ನಡವಳಿಕೆ ಇದರಲ್ಲಿ ಕಾಣುತ್ತೆ. ಅದಕ್ಕೇ ಇವುಗಳ ಮೇಲೆ ಔಷಧಿ ನೋಡ್ತೀವಿ."

"ಔಷಧಿ ಹಿಡೀತಾ?" ಎಂದರು ಇನ್‌ಸ್ಪೆಕ್ಟರು.

"ಕೊಟ್ಟ ಇಲಿಗಳು ಮೂಲೆ ಬಿಟ್ಟು ಬಂದು ಬೇರೆಯವುಗಳ ಜೊತೆ ಕೂತವು. ಬರೋ ಸೋಮವಾರದಿಂದ ಹನ್ನೆರಡು ಮಕ್ಕಳಿಗೆ ಕೊಡ್ತೀವಿ. ಅದಕ್ಕೆ ಮೊದಲು ತಳಿ ಶುದ್ಧ ಇದೆಯಾ ಅಂತ ಬುಧವಾರ ಇಲಿಗಳ ಬಾಲದ ತುದಿ ಪರೀಕ್ಷೆಗೆ ಹೋಗಬೇಕಿತ್ತು. ಈಗ ಇಲಿಗಳೇ ಇಲ್ಲ. ಎಫ್‌ಐಆರ್ ಪ್ರತಿ ಕೊಟ್ರೆ ನೀತಿ ಸಮಿತಿ ಪರೀಕ್ಷೆ ಬಿಟ್ಟು ಮಕ್ಕಳ ಪ್ರಯೋಗಕ್ಕೆ ಅನುಮತಿ ಕೊಡುತ್ತೆ. ಬೇಗ ಕೊಡಿ."

ಕಳೆದುಕೊಂಡ ವಸ್ತುವಿಗಿಂತ ಎಫ್‌ಐಆರ್ ಪ್ರತಿಗೆ ಅವಸರಪಡುವವರನ್ನು ಇನ್‌ಸ್ಪೆಕ್ಟರು ಹಿಂದೆಯೂ ನೋಡಿದ್ದರು. ಆದರೂ ಪ್ರಕರಣ ದಾಖಲಿಸಿಕೊಂಡರು.

ಹತ್ತೂವರೆಗೆ ಸ್ಥಳ ಪರಿಶೀಲನೆ. ಬಿಳಿ ಗೋಡೆ, ಉಕ್ಕಿನ ಚೌಕಟ್ಟು, ಮರದ ಹೊಟ್ಟಿನ ವಾಸನೆ. ಬೀಗ ಮುರಿದಿರಲಿಲ್ಲ. ಉಗ್ರಾಣದಲ್ಲಿ ಒಂದು ಚೀಲ ಇಲಿಯ ಮೇವೂ ಬಸಿರಿಲಿ ಗೂಡು ಕಟ್ಟಲು ಕೊಡುವ ಮೆತ್ತನೆಯ ಕಾಗದವೂ ಕಡಿಮೆಯಿದ್ದವು.

"ಕಳ್ಳ ಬಾಣಂತನದ ಸಾಮಾನೂ ಹೊತ್ಕೊಂಡು ಹೋಗಿದಾನೆ," ಎಂದರು ಅಕ್ಕ.

"ಅಂದರೆ ಅವನಿಗೆ ಇವು ಬದುಕಬೇಕು," ಎಂದರು ಇನ್‌ಸ್ಪೆಕ್ಟರು.

ಇಲಿಮನೆಯನ್ನು ನೋಡಿಕೊಳ್ಳುವ ಮುದುಕ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಇಪ್ಪತ್ತಾರು ವರ್ಷದ ಸೇವೆ. ಎಲ್ಲರ ಬಾಯಲ್ಲೂ ಇಲಿಯಜ್ಜ.

"ಭಾನುವಾರ ಬಂದಿದ್ರಾ ಅಜ್ಜ?"

"ಬಂದಿದ್ದೆ. ಇಲಿಗೆ ಭಾನುವಾರ ಇಲ್ಲ."

"ಇಲಿಗಳು ಇದ್ವಾ?"

"ನಾನು ಬಂದಾಗ ಇದ್ವು."

ಅದು ಸುಳ್ಳಲ್ಲ ಎಂಬುದು ಇನ್‌ಸ್ಪೆಕ್ಟರಿಗೆ ಮರುದಿನ ಅರ್ಥವಾಯಿತು.

ಗೇಟಿನ ಕಾವಲುಗಾರನ ಪುಸ್ತಕದಲ್ಲಿ ಭಾನುವಾರ ಮಧ್ಯಾಹ್ನ ಮೂರೂಕಾಲಕ್ಕೆ ಇಲಿಯಜ್ಜ ತಳ್ಳಿದ ಹೊಟ್ಟಿನ ಗಾಡಿ ಹೊರಗೆ ಹೋಗಿತ್ತು. ನಾಲ್ಕಕ್ಕೆ ಮತ್ತೊಂದು.

"ಒಳಗೆ ಏನಿದೆ ನೋಡಿದ್ಯಾ?"

"ಇಲಿ ಉಚ್ಚೆ ಹೊಯ್ದ ಹೊಟ್ಟು ಸರ್. ಮೂಗು ಮುಚ್ಕೊಳ್ಳೋದಾ, ಮುಚ್ಚಳ ತೆಗೆಯೋದಾ?"

ಅನುಮಾನಕ್ಕೆ ಅಷ್ಟು ಸಾಕಿತ್ತು, ಬಂಧನಕ್ಕೆ ಸಾಲದು. ಮೊದಲು ಪಂಚನಾಮೆ ಮುಗಿಯಲಿ ಎಂದರು ಇನ್‌ಸ್ಪೆಕ್ಟರು. ಪಂಜರಕ್ಕೆ ಸಿಕ್ಕಿಸುವ ಚೀಟಿಗಳ ಕಟ್ಟುಗಳು ಡ್ರಾಯರಿನಲ್ಲೇ ಉಳಿದಿದ್ದವು: ಯಾವ ಜೋಡಿಯನ್ನು ಎಂದು ಕೂಡಿಸಿದ್ದು, ಎಂದು ಎಷ್ಟು ಮರಿ ಹುಟ್ಟಿದ್ದು. ಎಲ್ಲದರ ಕೆಳಗೂ ಮುಖ್ಯಸ್ಥೆಯ ಸಹಿ.

"ಐದು ಕಟ್ಟು ಹಳೇ ಚೀಟಿ ಅಂತ ಬರೆದ್ರೆ ಸಾಕಲ್ವಾ?" ಎಂದು ಪಂಚರಲ್ಲೊಬ್ಬ ಗೊಣಗಿದ.

"ಒಂದೊಂದನ್ನೂ ಓದಬೇಕು," ಎಂದರು ಇನ್‌ಸ್ಪೆಕ್ಟರು.

ಅಕ್ಕನಿಗೆ ಕಾರಣ ಗೊತ್ತಿತ್ತು. ಹದಿನೈದು ವರ್ಷದ ಹಿಂದೆ, ಇನ್‌ಸ್ಪೆಕ್ಟರು ಅವಸರದಲ್ಲಿ ಓದದೆ ಸಹಿ ಮಾಡಿದ ಒಂದು ಪಂಚನಾಮೆಯಿಂದ ಒಬ್ಬ ಬಡಗಿ ಹದಿನಾಲ್ಕು ತಿಂಗಳು ಸೆರೆಮನೆಯಲ್ಲಿದ್ದ. ಅವನ ಮನೆಯಲ್ಲಿ ಸಿಕ್ಕಿತೆಂದು ಬರೆದಿದ್ದ ಉಳಿ ಅವನ ಮನೆಯಲ್ಲಿ ಇರಲೇ ಇಲ್ಲ. ಬಿಡುಗಡೆಯ ದಿನ ಅವನು ಬಂದು ಬೈದಿದ್ದರೆ ಆಗುತ್ತಿತ್ತು. ಅವನು ನಮಸ್ಕಾರ ಮಾಡಿ ಹೋದ. ದೇವರ ಮುಂದೆ ಕೈಮುಗಿಯುವಾಗಲೆಲ್ಲ ಇನ್‌ಸ್ಪೆಕ್ಟರಿಗೆ ಆ ನಮಸ್ಕಾರ ಅಡ್ಡ ಬರುತ್ತಿತ್ತು.

ಅಕ್ಕ ಒಂದೊಂದಾಗಿ ಓದುತ್ತ ಹೋದರು. ಮೂರನೆಯ ಕಟ್ಟಿನ ನಡುವೆ ನಿಂತರು.

"ಮೇಡಂ, ಇಲಿ ಎಷ್ಟು ದಿನಕ್ಕೆ ಹಡೆಯುತ್ತೆ?"

"ಹತ್ತೊಂಬತ್ತರಿಂದ ಇಪ್ಪತ್ತೊಂದು ದಿನ."

"ಇಲ್ಲಿ ಮಾರ್ಚ್ ಮೂರಕ್ಕೆ ಕೂಡಿಸಿದ್ದು ಅಂತಿದೆ. ಮಾರ್ಚ್ ಹದಿನಾಲ್ಕಕ್ಕೆ ಏಳು ಮರಿ. ಹನ್ನೊಂದೇ ದಿನ. ನಮ್ಮ ಕಡೆ ಹಿಂಗಾದ್ರೆ ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕ್ತಾಳೆ."

ಮುಖ್ಯಸ್ಥೆ ಚೀಟಿಯನ್ನು ಕೈಗೆ ತೆಗೆದುಕೊಂಡರು. ಮೂರು ವರ್ಷದ ಹಿಂದಿನದು. ಆ ಹೆಣ್ಣಿಲಿ ಪಂಜರಕ್ಕೆ ಬರುವ ಮೊದಲೇ ಬಸಿರಾಗಿತ್ತು. ಈ ಕೊಠಡಿಯಲ್ಲಿ ಕೂಡಿಸುವ ದಿನದವರೆಗೆ ಹೆಣ್ಣನ್ನು ಗಂಡಿನಿಂದ ಬೇರೆಯೇ ಇಡುತ್ತಿದ್ದರು. ಅಂದರೆ ಅದು ಈ ಕೊಠಡಿಯದಲ್ಲ. ಪಕ್ಕದ ಐದನೆಯ ಕೊಠಡಿಯಲ್ಲೂ ಕರಿ ಇಲಿಗಳೇ, ಆದರೆ ಅವು ಸಾಧಾರಣ ತಳಿಯವು, ಒಂದರ ಮೈಗೊಂದು ಒತ್ತಿ ಮಲಗುವಂಥವು.

"ಈ ಮರಿಗಳ ಸಂತಾನ ಎಲ್ಲಿ ಹೋಯ್ತು?" ಎಂದು ಇನ್‌ಸ್ಪೆಕ್ಟರು ಕೇಳಿದರು.

ಮುಖ್ಯಸ್ಥೆ ಮುಂದಿನ ಚೀಟಿಗಳನ್ನು ಒಂದೊಂದಾಗಿ ತಿರುವಿದರು. "ಔಷಧಿ ಕೊಟ್ಟಿದ್ದು ಈ ಮರಿಗಳ ಪೀಳಿಗೆಗೇ. ಹೋಲಿಸಿ ನೋಡೋಕೆ ಕೊಡದೆ ಇಟ್ಟಿದ್ದು ಹಳೇ ಶುದ್ಧ ತಳಿ."

"ಹಾಗಾದ್ರೆ ಮೂಲೆ ಬಿಟ್ಟು ಬಂದದ್ದು..."

"ಔಷಧಿಯಿಂದ ಅಲ್ಲದೇ ಇರಬಹುದು. ಪರೀಕ್ಷೆ ಆಗದೆ ಏನೂ ಹೇಳೋಕಾಗಲ್ಲ." ಅವರ ಕಣ್ಣು ಚೀಟಿಯ ಕೆಳಗಿನ ಸಹಿಯ ಮೇಲೆಯೇ ಇತ್ತು.

"ಈ ಸಹಿ ನಿಮ್ಮದೇ?"

"ನನ್ನದೇ. ಪ್ರತಿ ಶುಕ್ರವಾರ ಒಂದು ರಾಶಿ ಬರ್ತಿತ್ತು." ಅಂದು ಅವರು ಎಫ್‌ಐಆರ್ ಪ್ರತಿಯನ್ನು ಕೇಳಲಿಲ್ಲ. ಆದರೆ ಪರೀಕ್ಷೆ ಬಿಟ್ಟುಬಿಡಿ ಎಂದು ಸಮಿತಿಗೆ ಆಗಲೇ ಬರೆದಿದ್ದ ಕಾಗದವನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

ಮಂಗಳವಾರ ಹನ್ನೊಂದೂಕಾಲಕ್ಕೆ ಇಲಿಯಜ್ಜನನ್ನು ಠಾಣೆಗೆ ಕರೆಸಿದರು. ಕುರ್ಚಿಯ ಅಂಚಿನಲ್ಲಿ ಕುಳಿತ. ನೀರು ಕೊಟ್ಟರೆ ಮುಟ್ಟಲಿಲ್ಲ.

"ಎರಡನೇ ಗಾಡೀಲಿ ಏನಿತ್ತು?"

"ಹೊಟ್ಟು."

"ಎರಡೂ ಗಾಡೀಲಾ?"

ಇನ್‌ಸ್ಪೆಕ್ಟರು ಹಳೆಯ ಚೀಟಿಯನ್ನು ಮೇಜಿನ ಮೇಲಿಟ್ಟರು.

"ಮಾರ್ಚ್ ಹದಿನಾಲ್ಕರ ಚೀಟಿ ಬರೆದವರು ಯಾರು?"

ಮುದುಕ ತಲೆಯೆತ್ತಿದ. "ನಾನೇ. ಚೀಟೀಲಿ ನಾನು ಸುಳ್ಳು ಬರೆದಿಲ್ಲ ಸರ್. ಇದ್ದ ತಾರೀಖೇ ಬರೆದೆ. ಯಾರಾದ್ರೂ ಓದ್ತಾರೆ, ಕರೆದು ಕೇಳ್ತಾರೆ ಅಂತ ಕಾದೆ. ಮೂರು ವರ್ಷ ಯಾರೂ ಕೇಳಲಿಲ್ಲ."

"ಇಲಿಗಳೆಲ್ಲಿ?"

ಮುದುಕ ನೀರಿನ ಲೋಟವನ್ನು ಆಚೆ ಸರಿಸಿದ. ಇನ್‌ಸ್ಪೆಕ್ಟರು ದನಿ ಏರಿಸಲಿಲ್ಲ. "ಅಜ್ಜ, ನಿಮಗೊಂದು ವಿಷಯ ಗೊತ್ತಿಲ್ಲ. ಇಲಿ ಕಳುವಾಯ್ತು ಅಂತ ಪರೀಕ್ಷೆ ಬಿಟ್ಟುಬಿಡಿ ಅಂತ ಮೇಡಂ ಸಮಿತಿಗೆ ಬರೆದಿದಾರೆ. ಸಮಿತಿ ಒಪ್ಪಿದ್ರೆ ಸೋಮವಾರ ಮಕ್ಕಳಿಗೆ ಔಷಧಿ ಶುರು."

ಮುದುಕ ಎದ್ದು ನಿಂತ. "ಪರೀಕ್ಷೆ ಇಲ್ಲದೇನಾ? ಇಲಿ ಇಲ್ಲ ಅಂದ್ರೆ ಎಲ್ಲಾ ನಿಲ್ಲುತ್ತೆ ಅಂದ್ಕೊಂಡಿದ್ದೆ!"

"ನಿಲ್ಲಿಸೋಕೆ ಕದ್ರಾ?"

"ನಿಲ್ಲಬೇಕಿತ್ತು, ಪರೀಕ್ಷೇಲಿ ನನ್ನ ತಪ್ಪೂ ಹೊರಗೆ ಬರಬಾರದಿತ್ತು. ಬಾಯಲ್ಲಿ ಹೇಳೋಕಾಗ್ಲಿಲ್ಲ ಸರ್. ಕೈಯಲ್ಲಿ ಮಾಡ್ದೆ."

ಆಮೇಲೆ ಅವನು ತಡೆಯಿಲ್ಲದೆ ಹೇಳಿದ, ಅಕ್ಕ ಬರೆದುಕೊಂಡರು. ಆ ಮಾರ್ಚ್ ಮೂರರಂದು ಜೋಡಿ ಕೂಡಿಸುವಾಗ ತಂಗಿ ಇಲಿ ಕೈಯಿಂದ ಜಾರಿ ಓಡಿತು. ಚೌಕಟ್ಟಿನ ಅಡಿಯಲ್ಲಿ ತಡಕಾಡಿದಾಗ ಒಂದು ಕರಿ ಇಲಿ ಸಿಕ್ಕಿತು. ನೆಲ ಮುಟ್ಟಿದ ಇಲಿ ಮತ್ತೆ ಪಂಜರಕ್ಕೆ ಹೋಗಕೂಡದು, ಕೊಲ್ಲಬೇಕು ಎಂಬುದು ಇಲಿಮನೆಯ ಮೊದಲ ನಿಯಮ. ಅಂಗೈಯಲ್ಲಿ ಅದರ ಎದೆ ಹೊಡೆದುಕೊಳ್ಳುತ್ತಿತ್ತು. ಕೊಲ್ಲಲು ಮನಸ್ಸು ಬರಲಿಲ್ಲ. ಕೈಜಾರಿತೆಂದು ಒಪ್ಪಿಕೊಳ್ಳಲೂ ಮನಸ್ಸು ಬರಲಿಲ್ಲ. ಒಳಗೆ ಬಿಟ್ಟ. ಹನ್ನೊಂದನೆಯ ದಿನ ಮರಿಗಳನ್ನು ಕಂಡಾಗ, ಅದು ತಂಗಿ ಇಲಿಯಲ್ಲ, ಐದನೆಯ ಕೊಠಡಿಯಿಂದ ತಪ್ಪಿಸಿಕೊಂಡು ಬಂದ ಬಸಿರಿಲಿ ಎಂದು ತಿಳಿಯಿತು.

"ಆ ದಿನವೇ ಯಾಕೆ ಹೇಳಲಿಲ್ಲ?"

"ಅದೇ ವಾರ ನನಗೆ ಶಾಲು ಹೊದಿಸಿದ್ರು ಸರ್. ಒಂದು ತಪ್ಪೂ ಇಲ್ಲದ ಸೇವೆ ಅಂತ. ಹೆಂಡತಿ ಬದುಕಿದ್ಲು ಆಗ, ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ಹೊಡೆದ್ಲು."

ಮಧ್ಯಾಹ್ನ ಒಂದು ನಲವತ್ತಕ್ಕೆ ಅವನ ಬಾಡಿಗೆ ಮನೆಯಲ್ಲಿ ಪಂಚನಾಮೆ ನಡೆಯಿತು. ಇದ್ದದ್ದು ಒಂದೇ ಕೋಣೆ. ಮಂಚ ಹೊರಜಗುಲಿಗೆ ಬಂದಿತ್ತು. ಒಳಗೆ ಹದಿನೆಂಟು ಪಂಜರ, ಒಂದು ಮೇಜಿನ ಫ್ಯಾನು. ನಲವತ್ತೊಂದು ಇಲಿಗಳೂ ಬದುಕಿದ್ದವು. ಜೊತೆಗೆ ಆ ಬೆಳಗಿನ ಆರು ಮರಿ.

"ದೂರಿನಲ್ಲಿ ನಲವತ್ತೊಂದು ಸರ್. ಈಗ ನಲವತ್ತೇಳು," ಎಂದರು ಅಕ್ಕ. "ಕಳ್ಳನ ಮನೇಲಿ ಮಾಲು ಹೆಚ್ಚಾಗಿದ್ದು ಇದೇ ಮೊದಲು." ಹೇಳಿದ ಮೇಲೆ ಮುದುಕನ ಮುಖ ನೋಡಿ ಅವರಿಗೇ ಕೆಡುಕೆನಿಸಿತು.

ಅಲ್ಲಿಯೇ ಅವನನ್ನು ದಸ್ತಗಿರಿ ಮಾಡಲಾಯಿತು. ಇಲಿಗಳು ಸಿಕ್ಕಿವೆ ಎಂಬ ಸುದ್ದಿ ತಲುಪಿದೊಡನೆ ಮುಖ್ಯಸ್ಥೆ ಸಮಿತಿಗೆ ಬರೆದ ಕಾಗದವನ್ನು ಹಿಂತೆಗೆದುಕೊಂಡು, ಹನ್ನೆರಡು ಮನೆಗಳಿಗೂ ತಾವೇ ಫೋನು ಮಾಡಿದರು. ಪ್ರತಿ ಸಲವೂ ತಾವು ಓದದೆ ಸಹಿ ಹಾಕಿದ್ದನ್ನು ಹೇಳಿದರಂತೆ.

ಸಂಜೆ ಐದೂವರೆಗೆ ಒಬ್ಬ ತಾಯಿ ಠಾಣೆಗೆ ಬಂದಳು. ಹನ್ನೆರಡು ಮಕ್ಕಳಲ್ಲಿ ಒಬ್ಬಳು ಅವಳ ಮಗಳು. ಎರಡು ವರ್ಷದ ಹಿಂದೆ ಇಲಿಮನೆ ನೋಡಲು ಬಂದವಳು ಇಲಿಯಜ್ಜನಿಗೆ ಕೈಮುಗಿದು, ಚೆನ್ನಾಗಿ ನೋಡ್ಕೊಳ್ಳಿ, ನಮ್ಮದೆಲ್ಲಾ ಇವುಗಳ ಮೇಲಿದೆ ಎಂದಿದ್ದಳು. ಅಂದಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ ಎಂದು ಹೇಳಿಕೆಯಲ್ಲಿತ್ತು.

ಲಾಕಪ್ಪಿನ ಸರಳುಗಳಾಚೆ ಅವಳ ದನಿ ಕೇಳಿದ ಕೂಡಲೇ ಮುದುಕ ಗೋಡೆಗೆ ಮುಖ ಮಾಡಿದ.

"ಅವರನ್ನ ಬೈಯೋಕೆ ಬಂದಿಲ್ಲ," ಎಂದಳು ಅವಳು ಇನ್‌ಸ್ಪೆಕ್ಟರಿಗೆ. "ಒಂದೇ ಕೇಳ್ಬೇಕಿತ್ತು. ನಾನು ಕೈಮುಗಿದಾಗ ಅವರಿಗೆ ಗೊತ್ತಿತ್ತಾ?"

ಇನ್‌ಸ್ಪೆಕ್ಟರು ಉತ್ತರಿಸುವ ಮೊದಲೇ ಒಳಗಿನಿಂದ ದನಿ ಬಂತು. "ಗೊತ್ತಿತ್ತು ತಾಯಿ."

ಅವಳು ಸರಳುಗಳತ್ತ ತಿರುಗಿದಳು. "ಈ ಎರಡು ವರ್ಷ ಬೇರೆ ಎಲ್ಲೂ ತೋರಿಸಲಿಲ್ಲ. ಇದನ್ನೇ ಕಾಯ್ತಾ ಕೂತೆ. ನನ್ನ ಮಗಳಿಗೆ ಈಗ ಒಂಬತ್ತು," ಎಂದಳು. ಮೆಟ್ಟಿಲಿಳಿದು ಹೊರಟುಹೋದಳು.

ಹೇಳಿಕೆಗೆ ಸಹಿ ಹಾಕಿಸುವ ಹೊತ್ತಾಯಿತು. ಇನ್‌ಸ್ಪೆಕ್ಟರು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಮುದುಕ ಒಂದು ಕಡೆ ತಡೆದ.

"ಕದ್ದಿದ್ದು ಜೂನ್ ಎಂಟು ಭಾನುವಾರ ಅಂತ ಬರೆದಿದೀರಿ. ಅದು ತಪ್ಪು."

"ಮತ್ತೆ?"

"ಭಾನುವಾರ ತಗೊಂಡು ಹೋಗಿದ್ದು ಬರೀ ಇಲಿ. ಮಾರ್ಚ್ ಹದಿನಾಲ್ಕರಿಂದ ಲೆಕ್ಕ ಹಾಕಿ ಸರ್. ಆ ತಾಯಿ ಕಾದ ಎರಡು ವರ್ಷಾನೂ ಸೇರಿಸಿ."

ಕಾನೂನಿನಲ್ಲಿ ಅದಕ್ಕೆ ಕಲಮಿರಲಿಲ್ಲ. ಇನ್‌ಸ್ಪೆಕ್ಟರು ತಾರೀಖನ್ನು ತಿದ್ದಲಿಲ್ಲ. ಅದರ ಕೆಳಗೆ ಅವನ ಮಾತನ್ನು ಅವನು ಹೇಳಿದ ಹಾಗೆಯೇ ಬರೆದು ಮುಂದಕ್ಕೆ ತಳ್ಳಿದರು. ಮುದುಕ ಕನ್ನಡಕವನ್ನು ಒರೆಸಿಕೊಂಡು, ಅಕ್ಷರ ಅಕ್ಷರವಾಗಿ ಓದಿ, ಸಹಿ ಮಾಡಿದ.